ಹಠವಲ್ಲ, ಸಂಕಟ: ಆಟಿಸಂ ಇರುವವರ ಜೊತೆ ದಿನನಿತ್ಯ

ಮದುವೆ ಮನೆಯಲ್ಲಿ ಐದಾರು ವರ್ಷದ ಮಗುವೊಂದು ಕಿವಿ ಮುಚ್ಚಿಕೊಂಡು ಕಿರುಚತೊಡಗಿದರೆ ತಲೆಗೊಂದು ಮಾತು ಬರುತ್ತದೆ. ಹಠಮಾರಿ ಎನ್ನುತ್ತಾರೆ ಒಬ್ಬರು. ತಾಯಿಯ ಮುದ್ದಿನಿಂದ ಕೆಟ್ಟಿದ್ದಾನೆ ಎನ್ನುತ್ತಾರೆ ಇನ್ನೊಬ್ಬರು. ದೃಷ್ಟಿಯಾಗಿದೆ, ತಾಯಿತ ಕಟ್ಟಿಸಿ ಎನ್ನುತ್ತಾರೆ ಮತ್ತೊಬ್ಬರು. ಮಗುವಿಗೆ ಆಟಿಸಂ ಇದ್ದರೆ ಈ ಮೂರೂ ತಪ್ಪು.

ಆಟಿಸಂ ಎಂದರೆ ಮಿದುಳಿನ ಬೆಳವಣಿಗೆಯಲ್ಲೇ ಇರುವ ಭಿನ್ನತೆ. ಅದು ಸಾಕಿದ ರೀತಿಯಿಂದಾಗಲಿ ಲಸಿಕೆಯಿಂದಾಗಲಿ ಬರುವುದಿಲ್ಲ. ಲಸಿಕೆಯನ್ನು ದೂರಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಇಂಥವರಲ್ಲಿ ಅನೇಕರಿಗೆ ನಮಗೆ ಸಹಜವೆನಿಸುವ ಸದ್ದು, ಬೆಳಕು, ಅತ್ತರಿನ ವಾಸನೆ, ಜರಿ ಬಟ್ಟೆಯ ಉಜ್ಜುವಿಕೆ ಸಹಿಸಲಾಗದ ಹೊರೆಯಾಗುತ್ತದೆ. ದಿನದ ಕ್ರಮ ಏಕಾಏಕಿ ಬದಲಾದರೂ ದಿಗಿಲಾಗುತ್ತದೆ. ಆದ್ದರಿಂದ ಎರಡು ಸೂತ್ರ ನೆನಪಿಡಿ: ಮೊದಲೇ ತಿಳಿಸಿ, ಹೊರೆ ತಗ್ಗಿಸಿ.

ರಮಝಾನ್‌ನಲ್ಲಿ ಮನೆಯ ಊಟ, ನಿದ್ದೆಯ ಹೊತ್ತು ಬದಲಾಗುತ್ತದೆ. ವಾರ ಮೊದಲೇ ಚಿತ್ರ ಬರೆದು ತೋರಿಸಿ. ಮಗುವಿನ ಊಟದ ಹೊತ್ತನ್ನು ಮಾತ್ರ ಬದಲಿಸಬೇಡಿ. ಈದ್‌ನ ಹೊಸ ಬಟ್ಟೆಯನ್ನು ಎರಡು ಸಲ ಒಗೆದು, ಕೊರಳ ಪಟ್ಟಿ ಕತ್ತರಿಸಿ ತೊಡಿಸಿ. ಮಲೆನಾಡಿನ ಚಳಿಯಲ್ಲಿ ವುಝೂಗೆ ತಣ್ಣೀರಿನ ಬದಲು ಉಗುರುಬೆಚ್ಚಗಿನ ನೀರಿಡಿ. ಮಸೀದಿಗೆ ಮೊದಲು ಜನ ಕಡಿಮೆಯಿರುವಾಗ ಕರೆದೊಯ್ಯಿರಿ. ಧ್ವನಿವರ್ಧಕದಿಂದ ದೂರ, ಬಾಗಿಲ ಬಳಿ ನಿಲ್ಲಿಸಿ. ಮಗು ಸದ್ದು ಮಾಡಿತೆಂದು ಯಾರೂ ಗದರಿಸುವುದು ಬೇಡ. ಮಗುವಿನ ಅಳು ಕೇಳಿದಾಗ ಪ್ರವಾದಿ(ಸ)ರು ನಮಾಝನ್ನೇ ಚುಟುಕುಗೊಳಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ.

ಬಾಳೂರಿನಿಂದ ಮೂಡಿಗೆರೆಗೆ ಬಸ್ಸಿನಲ್ಲಿ ಹೋಗುವುದಾದರೆ ಎಲ್ಲಿಗೆ, ಯಾಕೆ, ಯಾವಾಗ ವಾಪಸು ಎಂದು ಹಿಂದಿನ ದಿನವೇ ಹೇಳಿ. ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದಿಗೆ ಕಿವಿ ಮುಚ್ಚುವ ಟೋಪಿ, ಕರೆಂಟು ಹೋದಾಗ ಕೈಗೆಟಕುವ ಟಾರ್ಚು ಇರಲಿ.

ಮಾತು ಚಿಕ್ಕದಿರಲಿ. ಒಂದು ಮಾತು ಹೇಳಿ, ಉತ್ತರಕ್ಕೆ ಕಾಯಿರಿ. ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಒತ್ತಾಯಿಸಬೇಡಿ, ಕೆನ್ನೆ ಹಿಂಡಬೇಡಿ. ಆಟಿಸಂ ಇರುವ ದೊಡ್ಡವರೂ ನಮ್ಮ ನಡುವೆ ಇದ್ದಾರೆ. ಅವರ ಎದುರಿಗೇ ಅವರ ಬಗ್ಗೆ ಮಾತಾಡದೆ, ಅವರೊಡನೆ ಮಾತಾಡಿ.

ಸಂಕಟ ಮಿತಿಮೀರಿದಾಗ ಬುದ್ಧಿವಾದ ಕಿವಿಗೆ ಬೀಳದು. ಪರಿಚಿತರೊಬ್ಬರು ಶಾಂತ ಜಾಗಕ್ಕೆ ಕರೆದೊಯ್ದು ಸುಮ್ಮನೆ ಜೊತೆಗಿದ್ದರೆ ಸಾಕು. ಸುತ್ತ ಗುಂಪುಗೂಡಬೇಡಿ, ವೀಡಿಯೊ ತೆಗೆಯಬೇಡಿ. ವರ್ತನೆ ದಿಢೀರನೆ ಬದಲಾದರೆ ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಿ. ನೋವನ್ನು ಹೇಳಲಾಗದವರು ಅದನ್ನು ವರ್ತನೆಯಲ್ಲಿ ತೋರಿಸುತ್ತಾರೆ.

ಕಾಫಿ ತೋಟದ ನಡುವೆ ಇರುವವರಿಗೆ ಒಂದು ಎಚ್ಚರಿಕೆ. ಇಂಥ ಮಕ್ಕಳಲ್ಲಿ ಕೆಲವರು ಹೇಳದೆ ಮನೆಯಿಂದ ಹೊರಟುಬಿಡುತ್ತಾರೆ. ನೀರಿನ ಸೆಳೆತವೂ ಇರುತ್ತದೆ. ಮಗು ಕಾಣದಿದ್ದರೆ ಮೊದಲು ಕೆರೆ, ಹಳ್ಳ, ಬಾವಿಯ ಕಡೆ ಓಡಿ. ಮಗುವಿನ ಕಿಸೆಯಲ್ಲಿ ಮನೆಯ ಫೋನ್ ನಂಬರು ಬರೆದಿಡಿ. ನೆರೆಯವರಿಗೆ ವಿಷಯ ತಿಳಿಸಿಡಿ.

ಯುನಾನಿ ವೈದ್ಯನಾಗಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆಟಿಸಂ ವಾಸಿಮಾಡುವ ಮಾಜೂನ್ ನಮ್ಮಲ್ಲಿಲ್ಲ, ಬೇರೆ ಯಾವ ಪದ್ಧತಿಯಲ್ಲೂ ಅಂಥ ಔಷಧಿಯಿಲ್ಲ. ವಾಸಿಮಾಡುತ್ತೇವೆಂದು ಯಾರಾದರೂ ಲೋಹದ ಕುಶ್ತಾ ಕೊಟ್ಟರೆ ಮಕ್ಕಳಿಗೆ ತಿನ್ನಿಸಬೇಡಿ. ಹಣದ ಜೊತೆ ಆರೋಗ್ಯವೂ ಹೋದೀತು. ಮಾತಿನ ತರಬೇತಿ, ವರ್ತನೆಯ ತರಬೇತಿ ಬೇಗ ಆರಂಭವಾದಷ್ಟೂ ಒಳ್ಳೆಯದು. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದ, ಒಂದೂವರೆ ವರ್ಷವಾದರೂ ಬೆರಳು ತೋರಿಸದ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆಯೂ ತರಬೇತಿಯೂ ದೊರೆಯುತ್ತವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಕಲತೆಗಳಲ್ಲಿ ಆಟಿಸಂ ಸೇರಿದೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ರಾಷ್ಟ್ರೀಯ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯಿದೆ. ಇದು ದಾನವಲ್ಲ, ಹಕ್ಕು. ಕೇಳಿ ಪಡೆಯಲು ಸಂಕೋಚ ಬೇಡ.