ಕುಸ್ವಾರಿನ ತಿಂಗಳು

ಎಣ್ಣೆ ಮಿಲ್ಲಿನಿಂದ ಹೊಸ ತೆಂಗಿನೆಣ್ಣೆಯ ಡಬ್ಬ ಮನೆಗೆ ಬಂತೆಂದರೆ ನಮ್ಮಲ್ಲಿ ಕ್ರಿಸ್ಮಸ್ ಶುರುವಾಯಿತೆಂದೇ ಲೆಕ್ಕ. ನವೆಂಬರ್ ಮುಗಿಯುವ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುತ್ತದೆ, ಅಂಗಳದಲ್ಲಿ ಹರವಿದ ಕೊಬ್ಬರಿ ಗಲಗಲ ಒಣಗಿರುತ್ತದೆ. ನಮ್ಮದು ಮೂಡುಬಿದಿರೆ ಕಡೆಯ ಹಳ್ಳಿಮನೆ. ನಾನು ಸೊಸೆಯಾಗಿ ಬಂದಾಗ ಒಲೆಯ ಮುಂದಿನ ಮಣೆ ನಮ್ಮ ಅತ್ತೆಯದಾಗಿತ್ತು. ಈಗ ಅದು ನನ್ನದು. ಎಪ್ಪತ್ತು ದಾಟಿದ ಮೇಲೆ ಮಣೆಯ ಬದಲು ಕುರ್ಚಿ ಬಂದಿದೆ, ಅಷ್ಟೇ.

ಕ್ರಿಸ್ಮಸ್ ಎಂದ ಕೂಡಲೇ ಹೊರಗಿನವರು ಕೇಕ್ ಕೇಳುತ್ತಾರೆ. ಕೇಕ್ ನಾವೂ ಮಾಡುತ್ತೇವೆ. ಆದರೆ ಮಂಗಳೂರು, ಉಡುಪಿ ಕಡೆಯ ಕೊಂಕಣಿ ಮಾತಿನ ಕ್ಯಾಥೊಲಿಕರ ಮನೆಗಳಲ್ಲಿ ಹಬ್ಬದ ನಿಜವಾದ ತಿಂಡಿ ಕುಸ್ವಾರ್. ಅದು ಒಂದು ತಿಂಡಿಯಲ್ಲ, ಒಂದು ತಟ್ಟೆ ತುಂಬ ತಿಂಡಿಗಳು: ಎಳ್ಳುಂಡೆ, ಚಕ್ಕುಲಿ, ನಿಮ್ಮ ಕರ್ಜಿಕಾಯಿಯನ್ನೇ ಹೋಲುವ ನೆವ್ರಿ, ಅಕ್ಕಿಹಿಟ್ಟಿನ ಗುಂಡನೆಯ ಗುಳಿಯೊ, ಸಕ್ಕರೆ ಮೆತ್ತಿದ ತುಕ್ಡಿ, ಕಿಡಿಯೊ, ಹೂವಿನಾಕಾರದ ಕೊಕ್ಕಿಸಾಂ. ಇವೆಲ್ಲ ಒಂದೇ ದಿನದಲ್ಲಿ ಆಗುವಂಥವಲ್ಲ, ಒಬ್ಬರ ಕೈಯಲ್ಲಿ ಮುಗಿಯುವಂಥವೂ ಅಲ್ಲ. ನಾನು ಹೇಳಬೇಕೆಂದಿರುವುದೂ ಅದನ್ನೇ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ನಮ್ಮಲ್ಲಿ ಆಗಮನ ಕಾಲ ಎನ್ನುತ್ತೇವೆ. ಇಗರ್ಜಿಯಲ್ಲಿ ಗುರುಗಳು ನೇರಳೆ ಬಣ್ಣದ ವಸ್ತ್ರ ತೊಡುತ್ತಾರೆ. ಪೀಠದ ಬಳಿ ಹಸಿರೆಲೆಯ ಬಳೆಯಲ್ಲಿ ನಾಲ್ಕು ಮೇಣದಬತ್ತಿ, ವಾರಕ್ಕೊಂದರಂತೆ ಹಚ್ಚುವುದು. ಕಾಯುವ ಕಾಲವಾದ್ದರಿಂದ ಮದುವೆ ಇಟ್ಟುಕೊಳ್ಳುವುದಿಲ್ಲ. ನಾನು ಚಿಕ್ಕವಳಿದ್ದಾಗ 24ರಂದು ದೊಡ್ಡವರಿಗೆ ಉಪವಾಸ, ಮನೆಯಲ್ಲಿ ಮಾಂಸವಿಲ್ಲ. ಕುಸ್ವಾರ್ ಡಬ್ಬಗಳು ಅಟ್ಟ ಸೇರಿದರೆ ಆ ರಾತ್ರಿಯ ಪೂಜೆ ಮುಗಿಯುವವರೆಗೆ ಇಳಿಯುತ್ತಿರಲಿಲ್ಲ. ಮಕ್ಕಳಿಗೆ ಸಿಗುತ್ತಿದ್ದುದು ಮುರಿದ ಚೂರು ಮಾತ್ರ. ಆ ನಿಯಮವನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಕಾದು ತಿಂದ ತಿಂಡಿಯ ರುಚಿ ಮಕ್ಕಳಿಗೆ ಗೊತ್ತಾಗಬೇಕು.

ಮೊದಲು ಯಾವುದು, ಆಮೇಲೆ ಯಾವುದು ಎನ್ನುವುದನ್ನು ತೀರ್ಮಾನಿಸುವವರು ನೆರೆಮನೆಯವರು. ಮೂಡುಬಿದಿರೆಯನ್ನು ಜೈನಕಾಶಿ ಎನ್ನುತ್ತಾರಲ್ಲ, ನಮ್ಮ ಗದ್ದೆಯ ಆಚೆ ಇರುವುದೂ ಜೈನರ ಮನೆಯೇ. ಆ ಮನೆಗೆ ಮೊಟ್ಟೆ ಸೋಕಿದ್ದನ್ನು ಕೊಡುವಂತಿಲ್ಲ. ಹಾಗಾಗಿ ಮೊದಲ ದಿನ, ಹೊಸ ಎಣ್ಣೆಯಲ್ಲಿ, ಉಜ್ಜಿ ತೊಳೆದ ಬಾಣಲೆಯಲ್ಲಿ ಚಕ್ಕುಲಿ. ಅದರ ಹಿಂದೆಯೇ ಎಳ್ಳುಂಡೆ, ಮೊಟ್ಟೆ ಹಾಕದ ಗುಳಿಯೊ. ಅವರ ಪಾಲು ತೆಗೆದು ಬೇರೆ ಡಬ್ಬದಲ್ಲಿಟ್ಟ ಮೇಲೆಯೇ ಮನೆಯಲ್ಲಿ ಮೊಟ್ಟೆ ಒಡೆಯುವುದು. ಆ ಮನೆಯ ಹಿರಿಯರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವವರಲ್ಲ, ಆದ್ದರಿಂದ ತಟ್ಟೆ ಬೆಳಿಗ್ಗೆಯೇ ತಲುಪಬೇಕು. ಇದನ್ನು ನನಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅತ್ತೆ ಮಾಡುತ್ತಿದ್ದುದನ್ನು ನೋಡಿ ಕಲಿತೆ. ದೀಪಾವಳಿಗೆ ಅವರ ಮನೆಯ ಸಿಹಿ, ಈದ್‌ಗೆ ಕೆಳಗಿನ ಬ್ಯಾರಿ ಮನೆಯ ತಿಂಡಿ ನಮ್ಮ ಜಗಲಿಗೆ ಬರುತ್ತದೆ. ತಟ್ಟೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿರುತ್ತದೆ.

ಕೊಕ್ಕಿಸಾಂ ಮಾಡುವುದನ್ನು ನೀವು ನೋಡಬೇಕು. ಉದ್ದ ಹಿಡಿಯ ತುದಿಯಲ್ಲಿ ಹೂವಿನ ಅಚ್ಚು. ಅಕ್ಕಿಹಿಟ್ಟು, ಮೈದಾ, ತೆಂಗಿನಹಾಲು, ಮೊಟ್ಟೆ, ಸಕ್ಕರೆ ಕಲಸಿದ ತೆಳ್ಳನೆಯ ಹಿಟ್ಟು. ಅಚ್ಚನ್ನು ಮೊದಲು ಕುದಿಯುವ ಎಣ್ಣೆಯಲ್ಲೇ ಇಟ್ಟು ಕಾಯಿಸಬೇಕು. ಆಮೇಲೆ ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಹಿಟ್ಟು ಮೇಲಂಚು ದಾಟಿತೋ, ಹೂವು ಅಚ್ಚನ್ನು ಕಚ್ಚಿಕೊಂಡು ಬಿಡುವುದಿಲ್ಲ. ಅಚ್ಚು ಸಾಕಷ್ಟು ಕಾಯದಿದ್ದರೆ ಹಿಟ್ಟು ಅಂಟದೆ ಜಾರಿಹೋಗುತ್ತದೆ. ಎರಡೂ ಸರಿಯಾದರೆ, ಎಣ್ಣೆಯಲ್ಲಿ ಒಂದು ಗಳಿಗೆ ಹಿಡಿದು ಮೆಲ್ಲಗೆ ಕುಲುಕಿದ ಕೂಡಲೇ ಹೂವು ತಾನಾಗಿ ಕಳಚಿ ತೇಲುತ್ತದೆ. ಹೊಸ ಅಚ್ಚಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಬೇಕು. ನಮ್ಮ ಮನೆಯ ಅಚ್ಚು ಅತ್ತೆಯ ತವರಿನಿಂದ ಬಂದದ್ದು, ಹಿಡಿ ಎರಡು ಸಲ ಬದಲಾಗಿದೆ. ಅದು ಕೊಡುವಷ್ಟು ತೆಳುವಾದ ಎಸಳನ್ನು ಅಂಗಡಿಯ ಯಾವ ಅಚ್ಚೂ ಕೊಡಲಾರದು.

ಕಿಡಿಯೊ ಕೆಲಸವೇ ಬೇರೆ. ಬೆರಳ ತುದಿಯಷ್ಟು ಹಿಟ್ಟಿನುಂಡೆಯನ್ನು ಫೋರ್ಕಿನ ಬೆನ್ನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಿದರೆ ಮೈತುಂಬ ಗೆರೆ ಬಿದ್ದು ಕಂಬಳಿಹುಳದಂತೆ ಕಾಣುತ್ತದೆ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಮುಗಿಯಿತು. ಕಷ್ಟವೇನಿಲ್ಲ, ಆದರೆ ಮುಗಿಯದ ಕೆಲಸ. ರಾತ್ರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಆದ ಮೇಲೆ ಚಾಪೆ ಹಾಸಿ ಮನೆಮಂದಿಯೆಲ್ಲ ಸುತ್ತ ಕೂರಬೇಕು. ನಾಲ್ಕು ವರ್ಷದ ಮಗುವಿಗೂ ಇದರಲ್ಲಿ ಪಾಲು ಉಂಟು. ಕೈಗೆ ಕೆಲಸ, ಬಾಯಿಗೆ ಬಿಡುವು. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದರು, ಯಾವ ಚಿಕ್ಕಪ್ಪ ಯಾರೊಡನೆ ಮಾತು ಬಿಟ್ಟಿದ್ದಾರೆ, ಅಜ್ಜ ಹೇಗೆ ತೀರಿಹೋದರು, ಎಲ್ಲ ಅಲ್ಲಿಯೇ ಹೊರಬರುತ್ತದೆ. ನನ್ನ ದೊಡ್ಡ ಮೊಮ್ಮಗಳು ತನಗೆ ಎಂಜಿನಿಯರಿಂಗ್ ಬೇಡ, ನರ್ಸಿಂಗ್ ಓದಬೇಕು ಎಂದು ಮೊದಲು ಹೇಳಿದ್ದು ಆ ಚಾಪೆಯ ಮೇಲೆ. ಎದುರುಬದುರು ಕೂತು ಕೇಳಿದ್ದರೆ ಹೇಳುತ್ತಿರಲಿಲ್ಲ.

1990ರ ಕ್ರಿಸ್ಮಸ್ ಬಗ್ಗೆ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ನನ್ನ ಯಜಮಾನರು ಆಗ ಕುವೈತಿನಲ್ಲಿದ್ದರು. ಆ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಒಂದು ಲಕ್ಷ 70 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಸರ್ಕಾರ ಕರೆತಂದಿತು, ಬಹುಪಾಲು ಮಂದಿ ಜೋರ್ಡಾನಿನ ಅಮ್ಮಾನ್ ಮೂಲಕ ಏರ್ ಇಂಡಿಯಾ ವಿಮಾನಗಳಲ್ಲಿ ಬಂದರು. ನಮ್ಮ ಕರಾವಳಿಯ ಎಷ್ಟೋ ಮನೆಗಳವರು ಅದರಲ್ಲಿದ್ದರು. ಇವರು ಬಂದಾಗ ಕೈಯಲ್ಲಿದ್ದುದು ಒಂದು ಚೀಲ. ಉಳಿತಾಯವೆಲ್ಲ ಅಲ್ಲಿನ ಬ್ಯಾಂಕಿನಲ್ಲೇ ಸಿಕ್ಕಿಕೊಂಡಿತ್ತು. ಆ ವರ್ಷ ಒಣದ್ರಾಕ್ಷಿ, ಗೋಡಂಬಿ, ಕೇಕ್ ಯಾವುದೂ ಇಲ್ಲ. ಅಕ್ಕಿ ಮನೆಯದು, ತೆಂಗು ಮನೆಯದು, ಬೆಲ್ಲ ಮಾತ್ರ ತಂದೆವು. ಗುಳಿಯೊ ಮತ್ತು ಎಳ್ಳುಂಡೆ, ಎರಡೇ. ಆದರೂ ಅತ್ತೆ ಒಂದು ಮನೆಯನ್ನೂ ಬಿಡದೆ ತಟ್ಟೆ ಕಳಿಸಿದರು. ಗಲ್ಫ್‌ಗೆ ಹೋದ ಮೇಲೆ ಡಿಸೆಂಬರಿನಲ್ಲಿ ಎಂದೂ ಊರಲ್ಲಿರದಿದ್ದ ನನ್ನ ಗಂಡ ಆ ಸಲ ಚಾಪೆಯ ಮೇಲೆ ಕೂತು ಮಕ್ಕಳ ಜೊತೆ ಗುಳಿಯೊ ಉಂಡೆ ಕಟ್ಟಿದರು. ಚಿಕ್ಕ ಮಗನಿಗೆ ಅಪ್ಪ ಎಂದರೆ ಅಲ್ಲಿಯವರೆಗೆ ಫೋಟೋ ಮತ್ತು ಪಾರ್ಸೆಲ್. ಅವನು ಅಪ್ಪನ ತೊಡೆ ಬಿಟ್ಟು ಏಳಲಿಲ್ಲ.

ಗೋದಲಿಯ ಜವಾಬ್ದಾರಿ ಮೊಮ್ಮಕ್ಕಳದು. ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಪ್ರತಿಕೃತಿಯೇ ಗೋದಲಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ಹಾಸಿ, ನಿಜವಾದ ಎತ್ತು, ಕತ್ತೆಗಳನ್ನು ನಿಲ್ಲಿಸಿ ಆ ರಾತ್ರಿಯನ್ನು ಜನರ ಕಣ್ಣಮುಂದೆ ತಂದರಂತೆ. ಅಲ್ಲಿಂದ ಹಬ್ಬಿದ ಪದ್ಧತಿ ಇದು. ನಮ್ಮ ಗೋದಲಿಯಲ್ಲಿ ಕೆಂಪುಕಲ್ಲಿನ ಪಾಗಾರದಿಂದ ಕೆರೆದು ತಂದ ಹಾವಸೆ, ಗದ್ದೆಯ ಬೈಹುಲ್ಲು. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ ತಟ್ಟೆಗಳಲ್ಲಿ ಭತ್ತ ಬಿತ್ತಿದರೆ ಅಷ್ಟು ಹೊತ್ತಿಗೆ ಹಸಿರು ಗದ್ದೆಯೇ ಸಿದ್ಧ. ಬಾಲಯೇಸುವಿನ ಮೂರ್ತಿಯನ್ನು 24ರ ರಾತ್ರಿಯವರೆಗೆ ಇಡುವುದಿಲ್ಲ. ಬಾಲಯೇಸುವನ್ನು ಕಾಣಲು ಬರುವ ಮೂವರು ರಾಯರು ಮೊದಲು ದೂರದಲ್ಲಿದ್ದು, ದಿನದಿನಕ್ಕೆ ಹತ್ತಿರ ಸರಿದು, ಜನವರಿ ಮೊದಲ ವಾರದ ತಮ್ಮ ಹಬ್ಬಕ್ಕೆ ಬಂದು ಮುಟ್ಟುತ್ತಾರೆ. ಅವರನ್ನು ಸರಿಸುವ ಹಕ್ಕಿಗಾಗಿ ಮಕ್ಕಳಲ್ಲಿ ಜಗಳ.

ನನ್ನ ಬಾಲ್ಯದಲ್ಲಿ ನಡುರಾತ್ರಿಯ ಪೂಜೆ ಲ್ಯಾಟಿನ್ನಿನಲ್ಲಿತ್ತು. ಸೂಟೆ ಹಿಡಿದು ಗದ್ದೆಯಂಚಿನಲ್ಲಿ ನಡೆದು ಹೋಗುತ್ತಿದ್ದೆವು. ಹೆಂಗಸರಿಗೆ ಒಂದಕ್ಷರ ತಿಳಿಯದು, ತಮ್ಮ ಪಾಡಿಗೆ ಜಪಮಾಲೆ ಎಣಿಸುತ್ತಿದ್ದರು. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಮಾತಿನಲ್ಲಿ ಪೂಜೆಗೆ ಅನುಮತಿ ಕೊಟ್ಟಿತು. ನಮ್ಮ ಕೊಂಕಣಿಗೆ ಕನ್ನಡ ಲಿಪಿಯೇ ಆಧಾರ. ಮಂಗಳೂರಿನ ‘ರಾಕ್ಣೊ’ ವಾರಪತ್ರಿಕೆ 1938ರಿಂದ ಆ ಲಿಪಿಯಲ್ಲೇ ಅಚ್ಚಾಗುತ್ತಿದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ನಾಲ್ಕು ಕ್ಲಾಸು ಓದಿದ್ದ ನಮ್ಮ ಅತ್ತೆ ಪ್ರಾರ್ಥನಾ ಪುಸ್ತಕ ಬಿಡಿಸಿ ಗುರುಗಳಿಗೆ ತಾವೇ ಉತ್ತರ ಹೇಳುವಂತಾದದ್ದು ಹಾಗೆ. ಈಗ ಹಲವು ಇಗರ್ಜಿಗಳಲ್ಲಿ ನಡುರಾತ್ರಿಯ ಪೂಜೆ ಸಂಜೆಗೇ ಬಂದಿದೆ. ನನ್ನ ಮಂಡಿನೋವಿಗೆ ಅದು ಒಳ್ಳೆಯದೇ.

ಮರುದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣಾಂ, ಹಂದಿಮಾಂಸದ ಸಾರು, ನೆಂಟರು, ಮಧ್ಯಾಹ್ನದ ನಿದ್ದೆ.

ಹೇಳಬೇಕಾದದ್ದು ಬೇರೆ ಇದೆ. ಕುಸ್ವಾರ್ ಈಗ ಮಂಗಳೂರಿನ ಬೇಕರಿಗಳಲ್ಲಿ ಪೊಟ್ಟಣ ಕಟ್ಟಿ ಸಿಗುತ್ತದೆ, ಕೊರಿಯರಿನಲ್ಲಿ ಬೆಂಗಳೂರಿಗೂ ದುಬೈಗೂ ಹೋಗುತ್ತದೆ. ಕೊಳ್ಳುವವರನ್ನು ನಾನು ಬಯ್ಯುವುದಿಲ್ಲ. ಎಷ್ಟೋ ಹೆಂಗಸರು ಅದನ್ನು ಮಾಡಿ ಮಾರಿಯೇ ಮಕ್ಕಳನ್ನು ಓದಿಸುತ್ತಿದ್ದಾರೆ. ನನಗಿರುವ ಸಂಕಟ, 24ರ ಸಂಜೆ ವಿಮಾನ ಇಳಿದು 26ಕ್ಕೆ ಹೊರಟುಬಿಡುವ ಮಕ್ಕಳದು. ಅವರಿಗೆ ಸಿಗುವುದು ಊಟ ಮತ್ತು ಫೋಟೋ. ಕಿಡಿಯೊ ಒತ್ತುವ ರಾತ್ರಿ, ಜೈನರ ಮನೆಗೆ ತಟ್ಟೆ ಹೊತ್ತು ಹೋಗುವ ಬೆಳಿಗ್ಗೆ, ಭತ್ತ ಮೊಳೆತಿದೆಯೇ ಎಂದು ಇಣುಕುವ ಮಗು, ಇದಾವುದೂ ಅವರ ಪಾಲಿಗಿಲ್ಲ. ನಮ್ಮ ಹಬ್ಬಕ್ಕೆ ಮಾತ್ರ ಹೇಳುತ್ತಿಲ್ಲ. ನಿಮ್ಮ ಮನೆಯದು ಯಾವ ಹಬ್ಬವೇ ಆಗಲಿ, ರಜೆ ಹಾಕುವಾಗ ಹಬ್ಬದ ಮರುದಿನಗಳನ್ನು ಬಿಟ್ಟು ಮುಂಚಿನ ವಾರಕ್ಕೆ ಹಾಕಿ. ಮಕ್ಕಳನ್ನು ಕರೆದುಕೊಂಡು ಬನ್ನಿ. ಹಿಟ್ಟು ನಾವು ಕಲಸಿಟ್ಟಿರುತ್ತೇವೆ.