ಅಂಕಿಯೂ ಒಂದು ಸಾಕ್ಷಿ: ಪಾಟೀಸವಾಲು ಅಗತ್ಯ

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಮಾಧ್ಯಮದವರಿಗಿಂತ ಹಿಂದೆ ಬೀಳುತ್ತಾರೆಂದು ಯಾರಾದರೂ ಅಂಕಪಟ್ಟಿಗಳನ್ನು ಮುಂದಿಟ್ಟರೆ ಹಿಂದೂಪುರದ ಪೋಷಕರು ಏನೆಂದು ಉತ್ತರಿಸಬೇಕು? ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ಒಳಪಡದ ಸಾಕ್ಷ್ಯಕ್ಕೆ ಬೆಲೆ ಕಡಿಮೆ. ಅಂಕಿಅಂಶಗಳನ್ನು ಹಾಗೆ ಪ್ರಶ್ನಿಸುವ ವಿದ್ಯೆಯೇ ಎಕನಾಮೆಟ್ರಿಕ್ಸ್, ಅರ್ಥಾತ್ ಅರ್ಥಮಿತಿ. ಅರ್ಥಶಾಸ್ತ್ರ ಓದಬಯಸುವ ನಮ್ಮ ಮಕ್ಕಳು ಅದರ ಮೂರು ಬಗೆಯ ದತ್ತಾಂಶಗಳನ್ನು ಅರಿತಿರಬೇಕು.

ಮೊದಲನೆಯದು ಒಂದೇ ಕಾಲದ ದತ್ತಾಂಶ. ಒಂದು ವರ್ಷದ ಪರೀಕ್ಷೆಯಲ್ಲಿ ಹಲವು ಮಕ್ಕಳು ಪಡೆದ ಅಂಕಗಳು ಈ ಬಗೆಯವು. ಎರಡು ಮಾಧ್ಯಮಗಳ ಮನೆಗಳ ಆದಾಯ, ತಂದೆತಾಯಿಯರ ವಿದ್ಯೆ, ಟ್ಯೂಷನ್ ಸೌಲಭ್ಯ ಸಮವಾಗಿರುವುದಿಲ್ಲ. ರಿಗ್ರೆಷನ್ ವಿಧಾನವು ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೂ ಮನೆಯ ಪ್ರೋತ್ಸಾಹದಂತಹ ಅಳೆಯಲಾಗದ ಅಂಶಗಳು ಹೊರಗೇ ಉಳಿಯುತ್ತವೆ.

ಎರಡನೆಯದು ಕಾಲಶ್ರೇಣಿ. ಹಿಂದೂಪುರ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ದಿನದಿನದ ಬೆಲೆ, ಕಲ್ಯಾಣದುರ್ಗದ ವರ್ಷವರ್ಷದ ಮಳೆ ಇದಕ್ಕೆ ಉದಾಹರಣೆಗಳು. ಇಲ್ಲಿ ಅಳತೆಯ ಕ್ಷೇತ್ರವೇ ಬದಲಾಯಿತೇ ಎಂಬುದನ್ನು ಮೊದಲು ಕೇಳಬೇಕು. 2022ರ ಏಪ್ರಿಲ್ 4ರಂದು ಹಿಂದೂಪುರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಆ ಬಳಿಕ ಅನಂತಪುರ ಜಿಲ್ಲೆಯ ಪಟ್ಟಿಯಲ್ಲಿ ಕನ್ನಡ ವಿದ್ಯಾರ್ಥಿಗಳ ಸಂಖ್ಯೆ ಇಳಿದಂತೆ ಕಂಡರೆ, ಮಕ್ಕಳು ಶಾಲೆ ಬಿಟ್ಟರೆಂದು ತೀರ್ಮಾನಿಸಲಾಗದು, ಗಡಿ ಸರಿದಿದೆ.

ಮೂರನೆಯದು ಪ್ಯಾನೆಲ್ ದತ್ತಾಂಶ. ಇದರಲ್ಲಿ ಅದೇ ವ್ಯಕ್ತಿಗಳನ್ನು ಹಲವು ವರ್ಷ ಮತ್ತೆ ಮತ್ತೆ ಅಳೆಯಲಾಗುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ‘ಯಂಗ್ ಲೈವ್ಸ್’ ಅಧ್ಯಯನವು 2002ರಿಂದ, ಅನಂತಪುರವೂ ಸೇರಿದಂತೆ ಅಂದಿನ ಅವಿಭಜಿತ ಆಂಧ್ರದ ಸುಮಾರು 3,000 ಮಕ್ಕಳ ಬದುಕನ್ನು ಹೀಗೆ ಹಿಂಬಾಲಿಸಿದೆ. ಒಂದು ಮಗುವನ್ನು ಅದರ ಹಿಂದಿನ ವರ್ಷಗಳೊಡನೆಯೇ ಹೋಲಿಸಿದಾಗ, ಬದಲಾಗದ ಮನೆಯ ಹಿನ್ನೆಲೆ ಲೆಕ್ಕದಿಂದ ತಾನಾಗಿ ಕಳೆದುಹೋಗುತ್ತದೆ. ಮೂರರಲ್ಲಿ ಇದೇ ಹೆಚ್ಚು ಗಟ್ಟಿಯಾದ ಸಾಕ್ಷಿ.

ನಮಗೆ ಇದು ಕೇವಲ ಪಠ್ಯದ ವಿಷಯವಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಸಂವಿಧಾನದ 350ಎ ವಿಧಿ ಹೇಳುತ್ತದೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರಿರಬೇಕೆಂಬ ಸೂತ್ರವನ್ನು 1949ರಲ್ಲೇ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನ ಅಂಗೀಕರಿಸಿತ್ತು. ಹಕ್ಕು ಸಂಖ್ಯೆಯ ಮೇಲೆ ನಿಂತಿರುವಾಗ ಸಂಖ್ಯೆಯನ್ನು ಓದಬಲ್ಲವರು ನಮ್ಮಲ್ಲೇ ಇರಬೇಕು. ಆದುದರಿಂದ ಶಾಲಾ ಸಮಿತಿಗಳು ಪ್ರತಿ ಮಗುವಿನ ದಾಖಲಾತಿ, ಹಾಜರಿ ಹಾಗೂ ಅಂಕಗಳನ್ನು ವರ್ಷದಿಂದ ವರ್ಷಕ್ಕೆ ಒಂದೇ ಕ್ರಮದಲ್ಲಿ ಕಾದಿರಿಸಲಿ. ನಾಳೆ ಮಂಡಿಸಬೇಕಾದ ಮನವಿಗೆ ಆ ಪುಸ್ತಕವೇ ಆಧಾರ.