ಸಾಲ್ಮನ್ ತಾಯಿಗೆ ಟ್ರೌಟ್ ಮರಿ!



ಕಾಗೆ ಗೂಡಲ್ಲಿ ಕೋಗಿಲೆ ಮೊಟ್ಟೆ ಇಡೋದು ನಮಗೆಲ್ಲಾ ಗೊತ್ತು. ಅಲ್ಲಿ ಕಾಗೆ ಬರೀ ಕಾವು ಕೊಡುತ್ತದೆ. ಆದರೆ ಒಂದು ಜಾತಿ ಮೀನಿನ ಹೊಟ್ಟೆಯೊಳಗೇ ಇನ್ನೊಂದು ಜಾತಿ ಮೀನಿನ ಮೊಟ್ಟೆ ಬೆಳೆಯುತ್ತದೆ ಅಂದರೆ ನಂಬುತ್ತೀರಾ? ಜಪಾನಿನ ಟೋಕಿಯೋದಲ್ಲಿ ಗೊರೊ ಯೊಶಿಜಾಕಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದನ್ನು ಮಾಡಿ ತೋರಿಸಿದ್ದಾರೆ.

ನನಗೆ ಇದು ಅರ್ಥವಾಗಿದ್ದು ಕಸಿ ಮಾವಿನಿಂದ. ಕಸಿ ಗಿಡದ ಬುಡ ಹುಳಿ ಮಾವಿನದು, ಮೇಲೆ ಕಟ್ಟಿದ ಕಡ್ಡಿ ಬಾದಾಮಿಯದು. ನೀರು ಎಳೆಯೋದು ಹುಳಿ ಮಾವಿನ ಬೇರು, ಬಿಡೋದು ಮಾತ್ರ ಬಾದಾಮಿ ಹಣ್ಣು. ಮೀನಿನಲ್ಲೂ ಹೀಗೇ.

ಎಲ್ಲಾ ಮೀನಿನಲ್ಲೂ ಮುಂದೆ ಮೊಟ್ಟೆ ಅಥವಾ ವೀರ್ಯ ಆಗುವ ಮೂಲ ಜೀವಕೋಶಗಳು ಇರುತ್ತವೆ. (ಯಾರೂ ನಗಬಾರದು, ಇದು ವಿಜ್ಞಾನ!) ರೇನ್‌ಬೋ ಟ್ರೌಟ್ ಎಂಬ ಮೀನಿನಿಂದ ಈ ಕೋಶಗಳನ್ನು ತೆಗೆದು, ಆಗ ತಾನೇ ಮೊಟ್ಟೆಯೊಡೆದು ಬಂದ ಮಾಸು ಸಾಲ್ಮನ್ ಮರಿಯ ಹೊಟ್ಟೆಗೆ ಕೂದಲಿನಂಥ ಗಾಜಿನ ಸೂಜಿಯಿಂದ ಚುಚ್ಚಿ ಬಿಟ್ಟರು. ಎಳೇ ಮರಿಗೆ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಇದು ಹೊರಗಿನದು ಅಂತ ಅದು ತಳ್ಳಿಹಾಕುವುದಿಲ್ಲ. ಆ ಕೋಶಗಳು ತಾವೇ ಹರಿದುಕೊಂಡು ಹೋಗಿ ಸರಿಯಾದ ಜಾಗ ಸೇರುತ್ತವೆ!

2004ರಲ್ಲಿ ಗಂಡು ಸಾಲ್ಮನ್ ಕೊಟ್ಟ ವೀರ್ಯದಿಂದ ಟ್ರೌಟ್ ಮರಿ ಹುಟ್ಟಿತು. ಆದ್ರೆ ಒಂದು ತೊಡಕು. ಸಾಲ್ಮನ್ ತನ್ನ ಸ್ವಂತ ವೀರ್ಯವನ್ನೂ ಮಾಡುತ್ತಿತ್ತು. ಅದಕ್ಕೇ ಆಮೇಲೆ ಎರಡು ಕಂತೆಯ ಬದಲು ಮೂರು ಕಂತೆ ವರ್ಣತಂತು ಇರುವ ಸಾಲ್ಮನ್ ಬಳಸಿದರು. ಅಂಥ ಮೀನಿಗೆ ಸ್ವಂತ ಸಂತಾನ ಆಗುವುದಿಲ್ಲ. 2007ರಲ್ಲಿ ಅಂಥ ಗಂಡು ಹೆಣ್ಣು ಸಾಲ್ಮನ್‌ಗಳಿಗೆ ಹುಟ್ಟಿದ್ದೆಲ್ಲಾ ಟ್ರೌಟ್ ಮರಿಗಳೇ.

ಇನ್ನೂ ಆಶ್ಚರ್ಯ ಕೇಳಿ. ಗಂಡು ಟ್ರೌಟ್‌ನ ಮೂಲ ಕೋಶವನ್ನು ಹೆಣ್ಣು ಮರಿಗೆ ಹಾಕಿದರೆ ಅದೇ ಮೊಟ್ಟೆಯಾಗುತ್ತದೆ. ಇದು ಗೊತ್ತಾಗಿದ್ದು 2006ರಲ್ಲಿ.

ಇದರಿಂದ ಏನು ಉಪಯೋಗ ಅಂತೀರಾ? ಬ್ಲೂಫಿನ್ ಟ್ಯೂನಾ ನೂರಾರು ಕಿಲೋ ತೂಗುವ ಸಮುದ್ರದ ಮೀನು. ಅದನ್ನು ಸಾಕಿ ಮೊಟ್ಟೆ ಪಡೆಯಲು ವರ್ಷಗಟ್ಟಲೆ ಕಾಯಬೇಕು, ಭಾರೀ ಜಾಗ ಬೇಕು. ಬಂಗುಡೆಯಂಥ ಚಿಕ್ಕ ಮೀನೇ ಟ್ಯೂನಾ ಮೊಟ್ಟೆ ಇಟ್ಟರೆ ಎಷ್ಟು ಸುಲಭ! ಇದು ಯೊಶಿಜಾಕಿ ಅವರ ದೊಡ್ಡ ಆಸೆ.

ಎರಡನೆಯದು, ಅಳಿಯುತ್ತಿರುವ ಮೀನುಗಳನ್ನು ಉಳಿಸೋದು. ಮೀನಿನ ಮೊಟ್ಟೆ ದೊಡ್ಡದು, ಕೊಬ್ಬು ಜಾಸ್ತಿ, ಅದನ್ನು ಹೆಪ್ಪುಗಟ್ಟಿಸಿ ಇಡಲು ಬರುವುದಿಲ್ಲ. ಆದರೆ ಮೂಲ ಕೋಶಗಳನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಇಡಬಹುದು. 2013ರಲ್ಲಿ ಹೀಗೆ ಇಟ್ಟಿದ್ದ ಕೋಶಗಳಿಂದಲೇ ಟ್ರೌಟ್ ಮರಿ ಪಡೆದರು. ಬೀಜದ ಜೋಳ ತೆಗೆದಿಟ್ಟ ಹಾಗೆ!

ಆದರೆ ಬೀಜ ಇದ್ದರೆ ಸಾಲದು, ಬಿತ್ತಲು ಹೊಲ ಬೇಕಲ್ಲವೇ? ಹೊಳೆ ಬತ್ತಿದರೆ, ನೀರು ಕೆಟ್ಟರೆ ಆ ಮರಿಗಳನ್ನು ಎಲ್ಲಿ ಬಿಡೋದು? ಮೀನನ್ನು ವಿಜ್ಞಾನಿಗಳು ಹುಟ್ಟಿಸಬಹುದು, ನೀರನ್ನು ಕಾಯಬೇಕಾದವರು ನಾವೇ ಅಂತ ನನಗನಿಸುತ್ತದೆ. ನೀವೇನಂತೀರಿ?

— 7ನೇ ತರಗತಿ